ಸಿಪಾಯಿಯ ಫೀಸು ಕಟ್ಟಿದ ಕಾನೂನು, ಅಲ್ಲಿಂದ ಎದ್ದ ಹಾಡು ಮತ್ತು ಹೋರಾಟ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಲ್ಲಿ ಮಾಜಿ ಸೈನಿಕರು ಕೂತಿದೀರಿ, ಹಿಂದೆ ಡಿಗ್ರಿ ಓದೋ ಮಕ್ಕಳಿದಾರೆ. ಇಬ್ಬರಿಗೂ ಹೊಂದೋ ವಿಷಯ ಮಾತಾಡಿ ಸಾರ್ ಅಂತ ಸಂಘದವರು ಹೇಳಿದ್ರು, ಅದಕ್ಕೆ ಅಮೆರಿಕದ ಜಿಐ ಬಿಲ್ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ಸೈನ್ಯದಿಂದ ವಾಪಸ್ ಬಂದೋರಿಗೆ ಸರ್ಕಾರ ಕಾಲೇಜು ಫೀಸು ಕಟ್ಟಿದ ಕಾನೂನು ಅದು. ಅದರಿಂದ ಎಷ್ಟು ಜನ ಇಂಜಿನಿಯರ್ ಆದ್ರು, ಎಷ್ಟು ಜನ ಡಾಕ್ಟರ್ ಆದ್ರು ಅಂತ ಎಲ್ಲರೂ ಹೇಳ್ತಾರೆ, ಅದು ನಿಜಾನೇ. ಆದ್ರೆ ನಾನು ಇವತ್ತು ಹೇಳ್ಬೇಕು ಅಂತಿರೋದು ಬೇರೆಯವರ ಕಥೆ, ಅದೇ ದುಡ್ಡಲ್ಲಿ ನಾಟಕ ಕಲಿತೋರು, ಚಿತ್ರ ಬಿಡಿಸೋದು ಕಲಿತೋರು, ಇತಿಹಾಸ ಓದಿ ಬೀದಿಗಿಳಿದೋರು. ಇವರಿಗೆ ಯಾಕೆ ಜನರ ತೆರಿಗೆ ದುಡ್ಡು ಅಂತ ಕೇಳೋರು ಆಗಲೂ ಇದ್ರು, ಈಗಲೂ ಇದಾರೆ. ನನ್ನ ಮಟ್ಟಿಗೆ ಹೇಳೋದಾದ್ರೆ ಆ ಕಾನೂನಿನ ದೊಡ್ಡ ಗುಣ ಇದ್ದಿದ್ದೇ ಅಲ್ಲಿ, ಏನು ಓದ್ಬೇಕು ಅನ್ನೋದನ್ನ ಅದು ಸಿಪಾಯಿಗೇ ಬಿಟ್ಟುಬಿಡ್ತು.

ಈ ಕಾನೂನು ಪ್ರೀತಿಯಿಂದ ಮಾತ್ರ ಹುಟ್ಟಿದ್ದಲ್ಲ, ಭಯದಿಂದಲೂ ಹುಟ್ಟಿದ್ದು. ಮೊದಲನೇ ಮಹಾಯುದ್ಧಕ್ಕೆ ಹೋಗಿ ಬಂದ ಅಮೆರಿಕದ ಸೈನಿಕರಿಗೆ ಬೋನಸ್ ಕೊಡ್ತೀವಿ ಅಂತ 1924ರಲ್ಲಿ ಕಾನೂನು ಮಾಡಿದ್ರು, ಆದ್ರೆ ಕೈಗೆ ದುಡ್ಡು ಸಿಗೋದು 1945ಕ್ಕೆ ಅಂದ್ರು. ಮಧ್ಯೆ ಆರ್ಥಿಕ ಕುಸಿತ ಬಂತು, ಕೆಲಸ ಇಲ್ಲ, ಮನೇಲಿ ಒಲೆ ಉರೀತಿಲ್ಲ. 1932ರಲ್ಲಿ ಸಾವಿರಾರು ಮಾಜಿ ಸೈನಿಕರು ಹೆಂಡತಿ ಮಕ್ಕಳ ಜೊತೆ ವಾಷಿಂಗ್ಟನ್‌ಗೆ ಬಂದು ನದಿ ದಡದಲ್ಲಿ ಗುಡಿಸಲು ಹಾಕ್ಕೊಂಡು ಕೂತ್ರು, ನಮ್ಮ ದುಡ್ಡು ಈಗಲೇ ಕೊಡಿ ಅಂತ. ಕೊಡಲಿಲ್ಲ. ಜುಲೈ 28ಕ್ಕೆ ಜನರಲ್ ಮೆಕಾರ್ಥರ್ ಟ್ಯಾಂಕು, ಅಶ್ರುವಾಯು ತಗೊಂಡು ಹೋಗಿ ತಮ್ಮದೇ ಹಳೇ ಸೈನಿಕರನ್ನ ಓಡಿಸಿದ್ರು, ಗುಡಿಸಲು ಸುಟ್ಟುಹೋದವು. ಅದನ್ನ ಆ ದೇಶ ಮರೀಲಿಲ್ಲ. ಎರಡನೇ ಯುದ್ಧ ಮುಗಿಯೋ ಹೊತ್ತಿಗೆ ಒಂದೂವರೆ ಕೋಟಿ ಜನ ಸಮವಸ್ತ್ರ ಕಳಚಿ ಊರಿಗೆ ಬರೋರಿದ್ರು, ಅವರೆಲ್ಲ ಒಟ್ಟಿಗೆ ಕೆಲಸ ಹುಡುಕಿಕೊಂಡು ಬೀದಿಗೆ ಬಂದ್ರೆ ಏನು ಗತಿ ಅಂತ ಎಲ್ಲರಿಗೂ ದಿಗಿಲು.

ಹಾಗಾಗಿ ಅಮೆರಿಕನ್ ಲೀಜನ್ ಅನ್ನೋ ಮಾಜಿ ಸೈನಿಕರ ಸಂಘಟನೆ ಮುಂದೆ ಬಂತು. ಅಲ್ಲಿ ಹ್ಯಾರಿ ಕಾಲ್ಮೆರಿ ಅಂತ ಒಬ್ಬ ವಕೀಲರು, ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲ್ಲಲ್ಲಿ ಕೂತು ಹೋಟೆಲಿನ ಕಾಗದದ ಮೇಲೇ ಕೈಯಲ್ಲಿ ಕರಡು ಬರೆದ್ರು. ಗಮನಿಸಿ, ಸೈನಿಕರಿಗೆ ಏನು ಬೇಕು ಅಂತ ಬರೆದಿದ್ದು ಸೈನಿಕರ ಸಂಘದವರೇ, ಮೇಲಿಂದ ಯಾವ ಸಾಹೇಬರೂ ಇಳಿಸಿದ್ದಲ್ಲ. ಅದು ಸುಲಭಕ್ಕೆ ಪಾಸಾಗಲೂ ಇಲ್ಲ, ಕೊನೇ ಘಟ್ಟದಲ್ಲಿ ಸಮಿತೀಲಿ ಮತಗಳು ಸಿಕ್ಕಿಹಾಕ್ಕೊಂಡು ಜಾರ್ಜಿಯಾದ ಜಾನ್ ಗಿಬ್ಸನ್ ಅನ್ನೋ ಸಂಸದರನ್ನ ರಾತ್ರೋರಾತ್ರಿ ಹುಡುಕಿ ವಿಮಾನದಲ್ಲಿ ಕರ್ಕೊಂಡು ಬಂದು ಮತ ಹಾಕಿಸಬೇಕಾಯ್ತು. 1944ರ ಜೂನ್ 22ಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ್ರು.

ಒಳಗೆ ಏನಿತ್ತು ಅಂದ್ರೆ, ಕನಿಷ್ಠ 90 ದಿನ ಸೇವೆ ಮಾಡಿರಬೇಕು, ಅವಮಾನದ ಮೇಲೆ ಹೊರಹಾಕಿಸಿಕೊಂಡಿರಬಾರದು. ಫೀಸು ಪುಸ್ತಕ ಎಲ್ಲಾ ಸೇರಿ ವರ್ಷಕ್ಕೆ 500 ಡಾಲರ್ ತನಕ ಸರ್ಕಾರ ನೇರವಾಗಿ ಕಾಲೇಜಿಗೆ ಕಟ್ಟುತ್ತೆ. ಆಗ ಹಾರ್ವರ್ಡ್‌ನಲ್ಲೇ ಫೀಸು 400ರ ಆಸುಪಾಸು, ಅಂದ್ರೆ ರೈತನ ಮಗನೂ ಹಾರ್ವರ್ಡ್ ಬಾಗಿಲು ತಟ್ಟಬಹುದಿತ್ತು. ಅದರ ಮೇಲೆ ಹೊಟ್ಟೆಪಾಡಿಗೆ ತಿಂಗಳಿಗೆ 50 ಡಾಲರ್, ಸಂಸಾರ ಇದ್ರೆ 75, ಆಮೇಲೆ ಅದೂ ಜಾಸ್ತಿ ಆಯ್ತು. ಈ ತಿಂಗಳ ದುಡ್ಡನ್ನ ನೀವು ಸಣ್ಣದು ಅಂತ ಬಿಡ್ಬೇಡಿ. ಫೀಸು ಮಾಫಿ ಮಾಡಿದ ಮಾತ್ರಕ್ಕೆ ಬಡವರ ಮನೆ ಹುಡುಗ ಓದೋಕಾಗಲ್ಲ, ಅವನು ದುಡಿಯೋದು ನಿಂತ್ರೆ ಮನೇಲಿ ಅಕ್ಕಿ ತರೋರ್ಯಾರು? ಇಲ್ಲಿರೋ ಎಷ್ಟೋ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು.

ದೊಡ್ಡ ದೊಡ್ಡ ಪ್ರೊಫೆಸರ್‌ಗಳಿಗೆ ಇದು ಹಿಡಿಸಲಿಲ್ಲ. ಶಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ರಾಬರ್ಟ್ ಹಚಿನ್ಸ್ ಅಂತೂ ಕಾಲೇಜುಗಳು ಅಲೆಮಾರಿಗಳ ಬೀಡಾಗ್ತವೆ ಅನ್ನೋ ಅರ್ಥದಲ್ಲಿ ಬರೆದ್ರು. ಆಗಿದ್ದೇ ಬೇರೆ, 1947ರ ಹೊತ್ತಿಗೆ ಅಮೆರಿಕದ ಕಾಲೇಜುಗಳಿಗೆ ದಾಖಲಾದೋರಲ್ಲಿ ಹತ್ತಿರ ಹತ್ತಿರ ಅರ್ಧ ಮಾಜಿ ಸೈನಿಕರೇ, ಪಾಠವನ್ನ ಅವರಷ್ಟು ಗಂಭೀರವಾಗಿ ತಗೊಂಡೋರು ಇಲ್ಲ ಅಂತ ಮೇಷ್ಟ್ರುಗಳೇ ಹೇಳೋ ಹಾಗಾಯ್ತು. 1956ಕ್ಕೆ ಮೊದಲನೇ ಕಾನೂನು ಮುಗಿಯೋ ಹೊತ್ತಿಗೆ ಸುಮಾರು 78 ಲಕ್ಷ ಜನ ಇದರಲ್ಲಿ ಓದಿದ್ರು ಇಲ್ಲಾ ಕಸುಬು ಕಲಿತಿದ್ರು, ಅದರಲ್ಲಿ 22 ಲಕ್ಷ ಜನ ಕಾಲೇಜಿಗೇ ಹೋದೋರು.

ಈಗ ಒಬ್ಬರ ಕಥೆ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಹಾಡುಗಾರ, ನಟ ಹ್ಯಾರಿ ಬೆಲಫಾಂಟೆ. 1927ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ್ದು, ತಾಯಿ ಜಮೈಕಾದಿಂದ ಬಂದು ಮನೆಗೆಲಸ ಮಾಡ್ತಿದ್ದೋರು. ಹೈಸ್ಕೂಲು ಅರ್ಧಕ್ಕೇ ಬಿಟ್ಟ ಹುಡುಗ, ಯುದ್ಧದ ಟೈಮಲ್ಲಿ ನೇವಿ ಸೇರಿದ್ರು. ಆಗ ಕರಿಯ ನಾವಿಕರಿಗೆ ಹೆಚ್ಚಾಗಿ ಕೊಡ್ತಿದ್ದಿದ್ದು ಅಡುಗೆ, ಹೊರೆ ಹೊರೋ ಕೆಲಸ, ಇವರಿಗೆ ಸಿಕ್ಕಿದ್ದು ಹಡಗಿಗೆ ಮದ್ದುಗುಂಡು ತುಂಬೋದು. ಅಲ್ಲೇ ಜೊತೆಯ ಕರಿಯ ನಾವಿಕರು ಕರಿಯರ ಹಕ್ಕಿಗೆ ಬರೆದ ಚಿಂತಕ ಡು ಬೋಯ್ಸ್ ಅವರ ಬರಹಗಳನ್ನ ಓದೋಕೆ ಕೊಟ್ರು. ಯುದ್ಧ ಮುಗೀತು, ಊರಿಗೆ ಬಂದು ಒಂದು ಬಿಲ್ಡಿಂಗಲ್ಲಿ ಗುಡಿಸೋ, ರಿಪೇರಿ ಮಾಡೋ ಕೆಲಸಕ್ಕೆ ಸೇರಿದ್ರು. ಒಂದು ದಿನ ಆ ಬಿಲ್ಡಿಂಗಿನ ಬಾಡಿಗೆದಾರರೊಬ್ಬರ ಮನೇಲಿ ಏನೋ ರಿಪೇರಿ ಮಾಡಿಕೊಟ್ಟಿದ್ದಕ್ಕೆ ಅವರು ಟಿಪ್ಸ್ ಬದಲು ನಾಟಕದ ಟಿಕೆಟ್ ಕೊಟ್ರು, ಅಮೆರಿಕನ್ ನೀಗ್ರೋ ಥಿಯೇಟರ್ ಅನ್ನೋ ತಂಡದ್ದು. ಜೀವನದಲ್ಲಿ ನಾಟಕ ನೋಡದ ಮನುಷ್ಯ ಹೋಗಿ ಕೂತ್ರು, ಸ್ಟೇಜ್ ಮೇಲೆ ತನ್ನಂಥದ್ದೇ ಬಣ್ಣದ ಜನ ತಲೆ ಎತ್ತಿ ಮಾತಾಡ್ತಿರೋದನ್ನ ನೋಡಿದ್ರು, ಅಲ್ಲಿಗೆ ಮುಗೀತು, ಮನಸ್ಸು ಅಲ್ಲೇ ನೆಟ್ಟಿತು.

ಆದ್ರೆ ಮನಸ್ಸು ನೆಟ್ಟ ಮಾತ್ರಕ್ಕೆ ಫೀಸು ಕಟ್ಟೋಕಾಗುತ್ತಾ? ಜಿಐ ಬಿಲ್ ಕೆಲಸ ಮಾಡಿದ್ದು ಇಲ್ಲಿ. ಅದರ ದುಡ್ಡಲ್ಲಿ ಎರ್ವಿನ್ ಪಿಸ್ಕೇಟರ್ ಅನ್ನೋ ಜರ್ಮನ್ ನಿರ್ದೇಶಕರು ನ್ಯೂಯಾರ್ಕಲ್ಲಿ ನಡೆಸ್ತಿದ್ದ ಡ್ರಾಮಾಟಿಕ್ ವರ್ಕ್‌ಶಾಪಿಗೆ ಸೇರಿದ್ರು. ರಂಗಭೂಮಿ ಅಂದ್ರೆ ರಾಜಕೀಯ ಪ್ರಜ್ಞೆ ಅಂತ ನಂಬಿದ್ದೋರು ಪಿಸ್ಕೇಟರ್, ಹಿಟ್ಲರ್ ಕಾಲದಲ್ಲಿ ಅಮೆರಿಕಕ್ಕೆ ಬಂದೋರು. ಅದೇ ಶಾಲೇಲಿ ಮುಂದೆ ಹಾಲಿವುಡ್ ತಾರೆಗಳಾದ ಮರ್ಲನ್ ಬ್ರಾಂಡೊ, ವಾಲ್ಟರ್ ಮ್ಯಾಥಾ, ಟೋನಿ ಕರ್ಟಿಸ್ ಇಂಥವರೆಲ್ಲ ಕಲಿತಿದ್ರು. ಹೈಸ್ಕೂಲು ಪಾಸಾಗದ, ನೆಲ ಗುಡಿಸ್ತಿದ್ದ ಕರಿಯ ಯುವಕ ಅಂಥ ಕಡೆ ಹೋಗಿ ಕೂತ್ಕೊಳೋದು ಆ ಕಾಲದಲ್ಲಿ ಬೇರೆ ಯಾವ ದಾರೀಲೂ ಆಗೋ ಮಾತಾಗಿರಲಿಲ್ಲ. ಆದ್ರೆ ಕರಿಯ ನಟರಿಗೆ ಒಳ್ಳೇ ಪಾತ್ರಗಳು ಎಲ್ಲಿದ್ವು? ಖರ್ಚಿಗೆ ಅಂತ ಜಾಝ್ ಕ್ಲಬ್ಬಲ್ಲಿ ಹಾಡೋಕೆ ಶುರು ಮಾಡಿದ್ರು, ಮೊದಲ ರಾತ್ರಿ ಹಿಂದೆ ನಿಂತು ನುಡಿಸಿದೋರು ಜಾಝ್‌ನ ದಿಗ್ಗಜರಾದ ಚಾರ್ಲಿ ಪಾರ್ಕರ್, ಮ್ಯಾಕ್ಸ್ ರೋಚ್ ಅಂದ್ರೆ ನೀವೇ ಲೆಕ್ಕ ಹಾಕಿ. 1956ರಲ್ಲಿ ಬಂದ ಅವರ ಕ್ಯಾಲಿಪ್ಸೋ, ಅಂದ್ರೆ ಕೆರಿಬಿಯನ್ ದ್ವೀಪಗಳ ಧಾಟಿಯ ಹಾಡುಗಳ ಎಲ್‌ಪಿ ಹತ್ತು ಲಕ್ಷ ಪ್ರತಿಗಿಂತ ಹೆಚ್ಚು ಮಾರಾಟ ಆಯ್ತು, ಬಾಳೆಹಣ್ಣು ಹೊರೋ ಕೂಲಿಗಳ ಹಾಡು ಅದರಲ್ಲಿ.

ಅದೇ 1956ರಲ್ಲಿ ಅವರಿಗೆ ಮಾರ್ಟಿನ್ ಲೂಥರ್ ಕಿಂಗ್ ಪರಿಚಯ. ಅಲ್ಲಿಂದ ಮುಂದೆ ಕರಿಯರ ಹಕ್ಕಿನ ಚಳವಳಿಗೆ ದುಡ್ಡು ಬೇಕಾದಾಗ ಕಿಂಗ್ ಫೋನ್ ಮಾಡ್ತಿದ್ದಿದ್ದು ಬೆಲಫಾಂಟೆಗೆ. 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಿಂಗ್ ಜೈಲಿಗೆ ಹೋದಾಗ, ಸಾವಿರಾರು ಮಕ್ಕಳು ಬೀದಿಗಿಳಿದು ಅರೆಸ್ಟ್ ಆದಾಗ ಜಾಮೀನಿಗೆ ಹಣ ಕೂಡಿಸಿದ್ರು. 1964ರ ಬೇಸಿಗೇಲಿ ಮಿಸ್ಸಿಸಿಪ್ಪಿಯಲ್ಲಿ ಕರಿಯರ ಹೆಸರು ಮತದಾರರ ಪಟ್ಟಿಗೆ ಸೇರಿಸೋಕೆ ಹೋಗಿದ್ದ ಯುವಕರ ಹತ್ರ ಕಾಸು ಖಾಲಿ ಆಗಿತ್ತು, ಮೂವರು ಕಾರ್ಯಕರ್ತರ ಕೊಲೆ ಆಗಿತ್ತು. ಆಗ ಬೆಲಫಾಂಟೆ ತಮ್ಮ ಗೆಳೆಯ, ಸಿನಿಮಾ ನಟ ಸಿಡ್ನಿ ಪಾಟಿಯರ್ ಅವರನ್ನ ಜೊತೆ ಮಾಡ್ಕೊಂಡು ಬ್ಯಾಗಲ್ಲಿ ನಗದು ತುಂಬಿಕೊಂಡು ಗ್ರೀನ್‌ವುಡ್ ಅನ್ನೋ ಊರಿಗೆ ಹೋದ್ರು, ದಾರೀಲಿ ಕೂ ಕ್ಲಕ್ಸ್ ಕ್ಲ್ಯಾನ್ ಅನ್ನೋ ಬಿಳಿಯರ ಹಿಂಸಾಕೋರ ಗುಂಪಿನವರು ಗಾಡಿ ಹಿಂದೆ ಬಿದ್ರು, ತಪ್ಪಿಸಿಕೊಂಡು ದುಡ್ಡು ತಲುಪಿಸಿದ್ರು. 1985ರಲ್ಲಿ ಇಥಿಯೋಪಿಯಾ ಬರಗಾಲಕ್ಕೆ ಅಮೆರಿಕದ ಗಾಯಕರೆಲ್ಲ ಸೇರಿ ಒಂದು ಹಾಡು ಮಾಡಿದ್ರಲ್ಲ, ಅದನ್ನ ಮಾಡೋಣ ಅಂತ ಮೊದಲು ಓಡಾಡಿದ್ದೂ ಇವರೇ. 2023ರ ಏಪ್ರಿಲಲ್ಲಿ 96ನೇ ವಯಸ್ಸಿಗೆ ತೀರ್ಕೊಂಡ್ರು. ಒಬ್ಬ ಹುಡುಗನ ಆಕ್ಟಿಂಗ್ ಕ್ಲಾಸಿಗೆ ಕೊಟ್ಟ ಫೀಸು ಎಲ್ಲೆಲ್ಲಿ ಹರಿದು ಹೋಯ್ತು ನೋಡಿ, ಯಾವ ಆಫೀಸಿನ ಲೆಡ್ಜರಲ್ಲಿ ಇದನ್ನ ಲಾಭ ಅಂತ ಬರೀತೀರಿ?

ಇನ್ನೊಬ್ಬರು ಇತಿಹಾಸಕಾರ ಹೊವರ್ಡ್ ಝಿನ್. ಬ್ರೂಕ್ಲಿನ್ನಿನ ಬಡ ಯಹೂದಿ ಕುಟುಂಬ, 18ಕ್ಕೇ ಹಡಗು ಕಟ್ಟೋ ಕಾರ್ಖಾನೇಲಿ ಕೆಲಸ. ವಾಯುಸೇನೆ ಸೇರಿ ಬಾಂಬರ್ ವಿಮಾನದಿಂದ ಬಾಂಬ್ ಬಿಡೋ ಕೆಲಸ ಮಾಡಿದೋರು. 1945ರ ಏಪ್ರಿಲ್, ಯುದ್ಧ ಮುಗಿಯೋಕೆ ಮೂರ್ನಾಲ್ಕು ವಾರ ಇದ್ದಾಗ ಫ್ರಾನ್ಸಿನ ರ್ವಾಯಾಂ ಅನ್ನೋ ಊರಿನ ಮೇಲೆ ನೇಪಾಮ್ ಅನ್ನೋ ಬೆಂಕಿ ಬಾಂಬ್ ಸುರಿದ ವಿಮಾನಗಳಲ್ಲಿ ಇವರದ್ದೂ ಒಂದು. ಮೇಲಿಂದ ನೋಡಿದ್ರೆ ಬೆಂಕಿಕಡ್ಡಿ ಹೊತ್ತಿದಂಗೆ ಕಂಡಿದ್ದಷ್ಟೇ, ಕೆಳಗೆ ಯಾರಿದ್ರು, ಎಷ್ಟು ಜನ ಸತ್ರು ಅನ್ನೋದೆಲ್ಲ ಮನಸ್ಸಿಗೆ ಇಳಿಯೋಕೆ ವರ್ಷಗಳು ಹಿಡಿದ್ವು. ವಾಪಸ್ ಬಂದು ತಮ್ಮ ಮೆಡಲ್ಲು, ಕಾಗದಪತ್ರ ಎಲ್ಲ ಒಂದು ಫೋಲ್ಡರಿಗೆ ಹಾಕಿ ಮೇಲೆ 'ಇನ್ನೆಂದಿಗೂ ಬೇಡ' ಅಂತ ಬರೆದಿಟ್ರು.

ಕಾಲೇಜಿಗೆ ಸೇರಿದಾಗ ವಯಸ್ಸು 27, ಮದುವೆ ಆಗಿದೆ, ಮಕ್ಕಳಿದಾರೆ. ಬಡವರಿಗೆ ಅಂತ ಸರ್ಕಾರ ಕಟ್ಟಿಸಿದ ವಸತೀಲಿ ಮನೆ. ಹಗಲೊತ್ತು ನ್ಯೂಯಾರ್ಕ್ ಯೂನಿವರ್ಸಿಟೀಲಿ ಪಾಠ, ಸಾಯಂಕಾಲ 4ರಿಂದ ರಾತ್ರಿ 12ರ ತನಕ ಗೋಡೌನಲ್ಲಿ ಲಾರಿಗೆ ಲೋಡ್ ಮಾಡೋದು, ಹೆಂಡತಿ ಹಗಲು ಕೆಲಸಕ್ಕೆ ಹೋಗ್ತಿದ್ರು, ಮಕ್ಕಳು ನರ್ಸರೀಲಿ. ಭತ್ಯೆ ಇದ್ದೂ ಇಷ್ಟು ಕಷ್ಟ, ಇಲ್ದೇ ಇದ್ದಿದ್ರೆ ಏನಾಗ್ತಿತ್ತು? ಆಮೇಲೆ ಕೊಲಂಬಿಯಾ ಯೂನಿವರ್ಸಿಟೀಲಿ ಇತಿಹಾಸದಲ್ಲಿ ಡಾಕ್ಟರೇಟ್‌ಗೆ ಓದ್ತಿರೋವಾಗಲೇ 1956ರಲ್ಲಿ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿಗೆ ಮೇಷ್ಟ್ರಾಗಿ ಹೋದ್ರು, ಅದು ಕರಿಯ ಹೆಣ್ಣುಮಕ್ಕಳ ಕಾಲೇಜು. ಹುಡುಗೀರು ಪಬ್ಲಿಕ್ ಲೈಬ್ರರಿ, ಹೋಟೆಲುಗಳಲ್ಲಿನ ವರ್ಣಭೇದದ ವಿರುದ್ಧ ನಿಂತಾಗ ಈ ಮೇಷ್ಟ್ರು ಪಕ್ಕದಲ್ಲಿ ನಿಂತ್ರು, 1963ರಲ್ಲಿ ಕೆಲಸದಿಂದ ತೆಗೆದ್ರು. ಅವರ ಪಾಠ ಕೇಳಿದ ಹುಡುಗೀರಲ್ಲಿ ಒಬ್ಬರು ಮುಂದೆ ದೊಡ್ಡ ಲೇಖಕಿಯಾದ ಆಲಿಸ್ ವಾಕರ್. ರಾಜರು ಅಧ್ಯಕ್ಷರು ಬಿಟ್ಟು ಕೂಲಿಗಳು, ಗುಲಾಮರು, ಹೆಂಗಸರ ಕಡೆಯಿಂದ ಇತಿಹಾಸ ಬರೆದ ಮನುಷ್ಯ ಇವರು, ವಿಯೆಟ್ನಾಂ ಯುದ್ಧದ ವಿರುದ್ಧ ಜೋರಾಗಿ ಮಾತಾಡಿದೋರು. ಸರ್ಕಾರದ ದುಡ್ಡಲ್ಲಿ ಓದಿ ಸರ್ಕಾರವನ್ನೇ ಬೈತಾರಲ್ಲ ಅಂತ ಕೆಲವರಿಗೆ ಅನ್ಸುತ್ತೆ. ಅನ್ಸಲಿ. ಯುದ್ಧದ ಬಗ್ಗೆ ಮಾತಾಡೋ ಹಕ್ಕು ಬಾಂಬ್ ಬಿಟ್ಟು ಬಂದೋನಿಗೆ ಇಲ್ಲದಿದ್ರೆ ಇನ್ಯಾರಿಗಿದೆ?

ಚಿತ್ರಕಲಾವಿದರ ಪಟ್ಟಿ ಉದ್ದ ಇದೆ, ಎಲ್ಲಾ ಹೇಳಲ್ಲ. ರಾಬರ್ಟ್ ರೌಷೆನ್‌ಬರ್ಗ್ ನೇವಿ ಮುಗಿಸಿ ಕಾನ್ಸಾಸ್ ಸಿಟಿ, ಪ್ಯಾರಿಸ್, ಅಲ್ಲಿಂದ ನಾರ್ತ್ ಕೆರೊಲಿನಾದ ಬ್ಲ್ಯಾಕ್ ಮೌಂಟನ್ ಅನ್ನೋ ಪುಟ್ಟ ಕಾಲೇಜಿಗೆ ಹೋದ್ರು. ಎಲ್ಸ್‌ವರ್ತ್ ಕೆಲಿ ಅವರದ್ದು ಇನ್ನೂ ಸ್ವಾರಸ್ಯ. ಅವರು ಯುದ್ಧದಲ್ಲಿ ಇದ್ದಿದ್ದು ಘೋಸ್ಟ್ ಆರ್ಮಿ ಅಂತ ಈಗ ಹೆಸರಾಗಿರೋ ಪಡೆಯ ಮರೆವೇಷದ ತುಕಡೀಲಿ, ಗಾಳಿ ತುಂಬಿದ ರಬ್ಬರ್ ಟ್ಯಾಂಕುಗಳನ್ನ ಗದ್ದೇಲಿ ನಿಲ್ಲಿಸಿ ಜರ್ಮನ್ನರಿಗೆ ದೊಡ್ಡ ಸೈನ್ಯ ಬಂದಿದೆ ಅಂತ ಮೋಸ ಮಾಡೋ ಪಡೆ ಅದು, ಅದಕ್ಕೇ ಅದರಲ್ಲಿ ಆರ್ಟಿಸ್ಟುಗಳನ್ನ ತುಂಬಿದ್ರು. ಯುದ್ಧ ಮುಗಿದ ಮೇಲೆ ಕೆಲಿ ಬಾಸ್ಟನ್ನಲ್ಲಿ ಓದಿ, 1948ರಲ್ಲಿ ಅದೇ ಜಿಐ ಬಿಲ್ ಮೇಲೆ ಪ್ಯಾರಿಸ್‌ಗೆ ಹೋದ್ರು, ಅಲ್ಲಿ ತಿಂಗಳಿಗೆ 75 ಡಾಲರ್ ಇದ್ರೆ ಮಿತವಾಗಿ ಬದುಕಿ ಬಣ್ಣ ಕ್ಯಾನ್ವಾಸ್ ತಗೊಂಡು ದಿನವಿಡೀ ಕೆಲಸ ಮಾಡ್ಬಹುದಿತ್ತು. ಕವಿ ಲಾರೆನ್ಸ್ ಫರ್ಲಿಂಗೆಟ್ಟಿ ನೇವಿ ಅಧಿಕಾರಿ, ಬಾಂಬ್ ಬಿದ್ದ ಕೆಲವೇ ವಾರದಲ್ಲಿ ನಾಗಾಸಾಕಿ ನೋಡಿ ಜೀವನಪೂರ್ತಿ ಶಾಂತಿವಾದಿ ಆದೋರು, ಕೊಲಂಬಿಯಾ, ಸೊರ್ಬಾನ್ ಎರಡೂ ಕಡೆ ಇದೇ ದುಡ್ಡಲ್ಲಿ ಓದಿದ್ರು. ಆಮೇಲೆ 1953ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಿಟಿ ಲೈಟ್ಸ್ ಅನ್ನೋ ಪುಸ್ತಕದಂಗಡಿ ಶುರು ಮಾಡಿ, ಅಲೆನ್ ಗಿನ್ಸ್‌ಬರ್ಗ್ ಕವನ ಅಚ್ಚು ಹಾಕಿದ್ದಕ್ಕೆ ಅಶ್ಲೀಲ ಅಂತ ಕೇಸು ಹಾಕಿಸ್ಕೊಂಡು 1957ರಲ್ಲಿ ಗೆದ್ರು. ಅಲ್ಲಿಯ ಪ್ರಕಾಶಕರಿಗೆ ಆ ತೀರ್ಪಿಂದ ಎಷ್ಟೋ ಧೈರ್ಯ ಬಂತು.

ಇಷ್ಟೆಲ್ಲ ಹೇಳಿದ ಮೇಲೆ ಕಹಿ ವಿಷಯ ಹೇಳ್ದೇ ಹೋದ್ರೆ ತಪ್ಪಾಗುತ್ತೆ. ಕಾನೂನಿನ ಅಕ್ಷರದಲ್ಲಿ ಬಣ್ಣದ ಮಾತೇ ಇರಲಿಲ್ಲ, ಆದ್ರೆ ಅದನ್ನ ಜಾರಿ ಮಾಡೋದು ಸ್ಥಳೀಯ ಆಫೀಸು, ಸ್ಥಳೀಯ ಬ್ಯಾಂಕು, ಸ್ಥಳೀಯ ಕಾಲೇಜು ಅಂತ ಬಿಟ್ರು, ದಕ್ಷಿಣದ ರಾಜ್ಯಗಳಲ್ಲಿ ಅಲ್ಲೆಲ್ಲ ಕೂತಿದ್ದೋರು ಬಿಳಿಯರು. ಮಿಸ್ಸಿಸಿಪ್ಪಿಯಲ್ಲಿ 1947ರ ಒಂದು ಸಮೀಕ್ಷೆ ಪ್ರಕಾರ ಈ ಕಾನೂನಿನಡಿ ಮನೆ, ಜಮೀನು, ವ್ಯಾಪಾರಕ್ಕೆ ಅಂತ ಸಿಕ್ಕ 3,229 ಸಾಲಗಳಲ್ಲಿ ಕರಿಯ ಸೈನಿಕರಿಗೆ ಸಿಕ್ಕಿದ್ದು ಎರಡೇ ಎರಡು. ದಕ್ಷಿಣದ ಬಿಳಿಯರ ಕಾಲೇಜು ಇವರನ್ನ ಸೇರಿಸ್ಕೊಳ್ತಿರಲಿಲ್ಲ, ಕರಿಯರ ಕಾಲೇಜುಗಳಲ್ಲಿ ಜಾಗ ಸಾಲದೆ ಸಾವಿರಾರು ಜನರನ್ನ ವಾಪಸ್ ಕಳಿಸಿದ್ರು. ಇನ್ನು 'ಬ್ಲೂ ಡಿಸ್ಚಾರ್ಜ್' ಅಂತ ನೀಲಿ ಕಾಗದ ಕೊಟ್ಟು ಮನೆಗೆ ಕಳಿಸಿದೋರಲ್ಲಿ ಕರಿಯರು, ಸಲಿಂಗಿಗಳೇ ತುಂಬಾ, ಅವರಿಗೆ ಬಾಗಿಲೇ ಮುಚ್ಚಿತ್ತು. ನಮಗೆ ಇದು ಅರ್ಥ ಆಗದ ವಿಷಯ ಅಲ್ಲ, ಆರ್ಡರ್ ವಿಧಾನಸೌಧದಲ್ಲಿ ಚೆನ್ನಾಗೇ ಇರುತ್ತೆ, ತಾಲೂಕು ಆಫೀಸಿನ ಕೌಂಟರ್‌ಗೆ ಬಂದಾಗ ಯಾರ ಅರ್ಜಿ ಮುಂದೆ ಹೋಗುತ್ತೆ ಅನ್ನೋದು ಬೇರೆ ಕಥೆ.

ಆ ಕಿಷ್ಕಿಂಧೆ ಬಾಗಿಲಲ್ಲೂ ನುಗ್ಗಿ ಹೋದ ಒಬ್ಬರು ಮೆಡ್ಗರ್ ಎವರ್ಸ್. 1925ರಲ್ಲಿ ಮಿಸ್ಸಿಸಿಪ್ಪಿಯ ಡೆಕೇಟರ್‌ನಲ್ಲಿ ಹುಟ್ಟಿದ್ದು, ಸೈನ್ಯ ಸೇರಿ ಫ್ರಾನ್ಸಲ್ಲಿ ಸಾಮಾನು ಸರಂಜಾಮು ಸಾಗಿಸೋ ತುಕಡೀಲಿ ಇದ್ರು. 1946ರಲ್ಲಿ ಅಣ್ಣ ಚಾರ್ಲ್ಸ್ ಮತ್ತೆ ಇನ್ನು ಕೆಲವು ಮಾಜಿ ಸೈನಿಕರ ಜೊತೆ ತಮ್ಮೂರಲ್ಲಿ ಓಟು ಹಾಕೋಕೆ ಹೋದ್ರೆ ಬಂದೂಕು ಹಿಡಿದ ಬಿಳಿಯರ ಗುಂಪು ಅಡ್ಡ ನಿಂತು ವಾಪಸ್ ಕಳಿಸ್ತು. ಹಿಟ್ಲರ್ ವಿರುದ್ಧ ಹೋರಾಡಿ ಬಂದೋನಿಗೆ ಸ್ವಂತ ಊರಲ್ಲಿ ಓಟಿಲ್ಲ. ಆಮೇಲೆ ಜಿಐ ಬಿಲ್ ಮೇಲೆ ಆಲ್ಕಾರ್ನ್ ಕಾಲೇಜು ಸೇರಿದ್ರು, ಓದಿದ್ದು ಬಿಸಿನೆಸ್ ಅಡ್ಮಿನಿಸ್ಟ್ರೇಷನ್, ಆದ್ರೆ ಕಾಲೇಜಲ್ಲಿ ಚರ್ಚಾಸ್ಪರ್ಧೆ, ಹಾಡುವ ತಂಡ, ಕಾಲೇಜು ಪತ್ರಿಕೆ ಸಂಪಾದನೆ, ಒಂದನ್ನೂ ಬಿಡಲಿಲ್ಲ. ಮುಂದೆ ಹೆಂಡತಿಯಾದ ಮೈರ್ಲಿ ಪರಿಚಯ ಆಗಿದ್ದೂ ಅಲ್ಲೇ, ಗಂಡ ಸತ್ತ ಮೇಲೆ ಆ ಹೆಣ್ಣುಮಗಳು ದಶಕಗಳ ಕಾಲ ನ್ಯಾಯಕ್ಕೆ ಓಡಾಡಿದ್ರು. 1952ರಲ್ಲಿ ಡಿಗ್ರಿ, ಹಳ್ಳಿ ಹಳ್ಳಿ ಸುತ್ತಿ ಇನ್ಶೂರೆನ್ಸ್ ಮಾರೋ ಕೆಲಸ, ಆ ಕೆಲಸದಲ್ಲೇ ಹತ್ತಿ ಹೊಲದ ಕೂಲಿಗಳ ಮನೆ ಒಳಗೆ ಹೋಗಿ ಬಡತನ ಕಂಡಿದ್ದು. ಟಾಯ್ಲೆಟ್ ಬಳಸೋಕೆ ಬಿಡದ ಬಂಕಲ್ಲಿ ಪೆಟ್ರೋಲ್ ಹಾಕಿಸ್ಬೇಡಿ ಅನ್ನೋ ಬಹಿಷ್ಕಾರದಲ್ಲಿ ಸೇರಿದ್ರು. 1954ರಲ್ಲಿ ಮಿಸ್ಸಿಸಿಪ್ಪಿ ಯೂನಿವರ್ಸಿಟಿಯ ಲಾ ಕಾಲೇಜಿಗೆ ಅರ್ಜಿ ಹಾಕಿದ್ರೆ ತಿರಸ್ಕಾರ, ಅದೇ ವರ್ಷ ಕರಿಯರ ಹಕ್ಕಿಗೆ ಹೋರಾಡೋ ಎನ್‌ಎಎಸಿಪಿ ಸಂಘಟನೆಯ ಆ ರಾಜ್ಯದ ಮೊದಲ ಪೂರ್ಣಾವಧಿ ಕಾರ್ಯದರ್ಶಿ ಆದ್ರು. 1962ರಲ್ಲಿ ಅದೇ ಯೂನಿವರ್ಸಿಟಿಗೆ ಮೊದಲ ಕರಿಯ ವಿದ್ಯಾರ್ಥಿಯಾಗಿ ಕಾಲಿಟ್ಟ ಜೇಮ್ಸ್ ಮೆರೆಡಿತ್ ಕೂಡ ಮಾಜಿ ವಾಯುಸೈನಿಕ, ಅವರ ಬೆನ್ನಿಗೆ ನಿಂತೋರು ಎವರ್ಸ್. 1963ರ ಜೂನ್ 12ರ ಮಧ್ಯರಾತ್ರಿ ಕಳೆದ ಮೇಲೆ ಜಾಕ್ಸನ್ನಿನ ಮನೆ ಮುಂದೆ ಕಾರಿಂದ ಇಳೀತಿದ್ದಾಗ ಬೆನ್ನಿಗೆ ಗುಂಡು ಹೊಡೆದ್ರು. ವಯಸ್ಸು 37. ಕೊಂದೋನಿಗೆ ಶಿಕ್ಷೆ ಆಗಿದ್ದು 1994ರಲ್ಲಿ, ಹೌದು, 30 ವರ್ಷ ದಾಟಿದ ಮೇಲೆ.

ಅದೇ ರಾಜ್ಯದ ಆರನ್ ಹೆನ್ರಿ ಈ ದುಡ್ಡಲ್ಲಿ ಫಾರ್ಮಸಿ ಓದಿ ಕ್ಲಾರ್ಕ್ಸ್‌ಡೇಲ್‌ನಲ್ಲಿ ಮೆಡಿಕಲ್ ಶಾಪ್ ಇಟ್ರು. ಸ್ವಂತ ಅಂಗಡಿ ಅಂದ್ರೆ ಕೆಲಸದಿಂದ ತೆಗೀತೀವಿ ಅಂತ ಯಾರೂ ಹೆದರಿಸೋಕಾಗಲ್ಲ ನೋಡಿ, ಆ ಅಂಗಡೀನೇ ಚಳವಳಿಯವರು ಸೇರೋ ಜಾಗ ಆಯ್ತು. ಹೋರಾಟ ಅಂದ್ರೆ ಬರೀ ಭಾಷಣ ಅಲ್ಲ ಅಂತ ನಮ್ಮ ಮಕ್ಕಳು ತಿಳೀಬೇಕಾಗಿರೋದು ಇಲ್ಲಿ, ಒಂದು ಸ್ವತಂತ್ರ ಸಂಪಾದನೆ ಇದ್ರೆ ಬಾಯಿಗೆ ಬೀಗ ಬೀಳಲ್ಲ. ಸುಝೇನ್ ಮೆಟ್ಲರ್ ಅನ್ನೋ ರಾಜ್ಯಶಾಸ್ತ್ರಜ್ಞೆ ಆ ಪೀಳಿಗೆಯ ಸೈನಿಕರನ್ನ ಅಧ್ಯಯನ ಮಾಡಿದಾಗ, ಜಿಐ ಬಿಲ್ಲಲ್ಲಿ ಓದಿದೋರು ಓದದೇ ಇದ್ದೋರಿಗಿಂತ ಸಂಘ ಸಂಸ್ಥೆ, ಊರಿನ ಸಾರ್ವಜನಿಕ ಕೆಲಸಗಳಲ್ಲಿ ಹೆಚ್ಚು ಸೇರಿಕೊಂಡಿದ್ದು ಕಂಡುಬಂತು. ಸರ್ಕಾರ ನನ್ನನ್ನ ಗೌರವದಿಂದ ನಡೆಸ್ಕೊಂಡಿದೆ ಅಂತ ಅನ್ಸಿದೋರು ಸಮಾಜಕ್ಕೆ ತಿರುಗಿ ಕೊಟ್ಟರು ಅನ್ನೋದು ಅವರ ಮಾತಿನ ಸಾರ.

ಈಗಿನ ಕಾನೂನು 2008ರದ್ದು, 2001ರ ಸೆಪ್ಟೆಂಬರ್ 11ರ ನಂತರ ಸೇವೆ ಮಾಡಿದೋರಿಗೆ. 36 ತಿಂಗಳ ಓದು, ಸರ್ಕಾರಿ ಯೂನಿವರ್ಸಿಟಿಯ ಫೀಸು ಪೂರ್ತಿ, ಬಾಡಿಗೆಗೆ ತಿಂಗಳ ಭತ್ಯೆ, ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರ್ ತನಕ. ಸೇವೇಲಿ ಇರೋವಾಗಲೇ ಶರತ್ತಿನ ಮೇಲೆ ಹೆಂಡತಿ ಮಕ್ಕಳ ಹೆಸರಿಗೂ ಮಾಡ್ಬಹುದು. ನಾಟಕ, ಸಿನಿಮಾ, ಬರವಣಿಗೆಯ ಡಿಗ್ರಿಗಳಿಗೂ ಇದು ನಡೆಯುತ್ತೆ. ಇದರ ದುಡ್ಡಿಗೆ ಆಸೆ ಬಿದ್ದು ಸೈನಿಕರನ್ನ ಬಲೆಗೆ ಹಾಕ್ಕೊಂಡ ಲಾಭಕೋರ ಕಾಲೇಜುಗಳೂ ಇದ್ವು, ಅದಕ್ಕೆ 2021ರಲ್ಲಿ ನಿಯಮ ಬಿಗಿ ಮಾಡಿದ್ರು.

ನಮ್ಮಲ್ಲಿಗೆ ಬರೋಣ. ಪ್ರಧಾನಮಂತ್ರಿ ಸ್ಕಾಲರ್‌ಶಿಪ್ ಇದೆ, ಅದು ಮಾಜಿ ಸೈನಿಕರ ಮಕ್ಕಳಿಗೆ ಮತ್ತೆ ವಿಧವೆಯರಿಗೆ, ಹುಡುಗೀರಿಗೆ ತಿಂಗಳಿಗೆ 3,000, ಹುಡುಗರಿಗೆ 2,500, ವೃತ್ತಿಪರ ಕೋರ್ಸುಗಳಿಗೆ. ಸೈನಿಕನಿಗೇ ಅಂತ ಇರೋ ಪುನರ್ವಸತಿ ಕೋರ್ಸುಗಳು ಸೆಕ್ಯೂರಿಟಿ, ಮ್ಯಾನೇಜ್‌ಮೆಂಟ್, ಕಂಪ್ಯೂಟರ್ ಇಂಥ ಬೇಗ ಕೆಲಸಕ್ಕೆ ಸೇರಿಸೋ ಕಡೆಗೇ ಹೆಚ್ಚು ಮುಖ ಮಾಡಿವೆ. ಅಗ್ನಿವೀರರಲ್ಲಿ ಹೆಚ್ಚಿನವರು ನಾಲ್ಕು ವರ್ಷಕ್ಕೆ ಹೊರಗೆ ಬರ್ತಾರೆ, ಇಪ್ಪತ್ತೊಂದು ಇಪ್ಪತ್ತೈದರ ವಯಸ್ಸು, ಕೈಲಿ ಸುಮಾರು 11.71 ಲಕ್ಷದ ಸೇವಾನಿಧಿ, ಇಗ್ನೋ ಡಿಗ್ರಿಗೆ ಅರ್ಧ ಕ್ರೆಡಿಟ್ ಸೇವೆಯ ತರಬೇತಿಯಿಂದಲೇ ಸಿಗೋ ವ್ಯವಸ್ಥೆ ಇದೆ. ಇವೆಲ್ಲ ಬೇಕು, ಕಡಿಮೆ ಅಂತ ನಾನು ಹೇಳ್ತಿಲ್ಲ. ಆದ್ರೆ ಇಲ್ಲಿಂದ ಹೋದ ಒಬ್ಬ ಹವಾಲ್ದಾರ್ ಮೂವತ್ತೆಂಟಕ್ಕೆ ರಿಟೈರ್ ಆಗಿ ಬಂದು, ಹೆಗ್ಗೋಡಿಗೆ ಹೋಗಿ ನೀನಾಸಂನಲ್ಲಿ ನಾಟಕ ಕಲೀತೀನಿ, ಚಿತ್ರಕಲಾ ಪರಿಷತ್ತಿಗೆ ಸೇರ್ತೀನಿ, ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಗಡಿಯ ಜನರ ಬದುಕಿನ ಬಗ್ಗೆ ಸಂಶೋಧನೆ ಮಾಡ್ತೀನಿ ಅಂದ್ರೆ ಊರೆಲ್ಲ ನಗುತ್ತೆ, ಬ್ಯಾಂಕಲ್ಲೋ ಎಟಿಎಂ ಮುಂದೆನೋ ಗನ್‌ಮ್ಯಾನ್ ಕೆಲಸ ಖಾಲಿ ಇದೆ ನೋಡು ಮಾರಾಯ ಅಂತಾರೆ. ಸಿಯಾಚಿನ್‌ನಲ್ಲಿ, ರಾಜಸ್ಥಾನದ ಮರಳಲ್ಲಿ, ಈಶಾನ್ಯದ ಕಾಡಲ್ಲಿ ಹದಿನೇಳು ವರ್ಷ ಇದ್ದು ಬಂದೋರ ಹತ್ರ ಇರೋ ಅನುಭವ ನಮ್ಮ ಸಾಹಿತ್ಯದಲ್ಲಿ, ರಂಗಭೂಮೀಲಿ ಎಷ್ಟು ಬಂದಿದೆ ಹೇಳಿ? ತುಂಬಾ ಕಡಿಮೆ ಬಂದಿದೆ. ಅವರಿಗೆ ಹೇಳೋಕೆ ಏನೂ ಇಲ್ಲ ಅಂತಲ್ಲ, ಕೂತು ಕಲಿಯೋಕೆ ಎರಡು ವರ್ಷದ ಅನ್ನ ಯಾರೂ ಕೊಟ್ಟಿಲ್ಲ.

ಅದಕ್ಕೆ ಸಂಘದವರ ಹತ್ರ ನನ್ನದೊಂದು ಕೋರಿಕೆ. ರಾಜ್ಯದ ಸೈನಿಕ ಕಲ್ಯಾಣ ಇಲಾಖೆಗೆ ನೀವೇ ಒಂದು ಅರ್ಜಿ ಕೊಡಿ, ಯಾವುದೇ ಮಾನ್ಯತೆ ಇರೋ ಸಂಸ್ಥೇಲಿ, ಯಾವುದೇ ವಿಷಯಕ್ಕೆ, ಮಾಜಿ ಸೈನಿಕರಿಗೇ ಫೀಸು ಮತ್ತೆ ಎರಡು ವರ್ಷ ತಿಂಗಳ ಭತ್ಯೆ ಬೇಕು ಅಂತ. ಹೆಸರು, ಕೋರ್ಸು, ಖರ್ಚು ಬರೆದ ಹತ್ತು ಅರ್ಜಿದಾರರು ಜೊತೆಗಿದ್ರೆ ಇಲಾಖೆಯವರಿಗೂ ಫೈಲ್ ಮುಂದೆ ಕಳ್ಸೋಕೆ ಆಧಾರ ಇರುತ್ತೆ. ನಾನೊಂದು ಕರಡು ಬರ್ಕೊಂಡು ಬಂದಿದೀನಿ, ಆಚೆ ಟೇಬಲ್ ಮೇಲಿದೆ. ಓದಿ, ಸರಿ ಇಲ್ಲ ಅನ್ಸಿದ ಕಡೆ ಪೆನ್ನಲ್ಲೇ ತಿದ್ದಿ, ಸೇರೋ ಮನಸ್ಸಿರೋರು ಕೆಳಗೆ ಯಾವ ಕೋರ್ಸು ಅಂತ ಬರೀರಿ. ಈಗ ಪ್ರಶ್ನೆ ಇದ್ರೆ ಕೇಳಿ, ಮೊದಲು ಹಿಂದೆ ಕೂತಿರೋ ಮಕ್ಕಳು ಕೇಳಲಿ.